ಮುಕ್ತ ಸಾಗರದ ಮೇಲೆ ಪುಕ್ಕಟೆ ಕಣ್ಣು: ಗ್ಲೋಬಲ್ ಫಿಶಿಂಗ್ ವಾಚ್ ನಕ್ಷೆಯನ್ನು ಎಷ್ಟು ನಂಬಬಹುದು?

ದಡದಿಂದ 200 ನಾಟಿಕಲ್ ಮೈಲಿ ದಾಟಿದ ಮೇಲೆ, ಯಾವ ದೇಶಕ್ಕೂ ಸೇರದ ನೀರಿನಲ್ಲಿ ಯಾರು ಎಷ್ಟು ಹೊತ್ತು ಮೀನು ಹಿಡಿಯುತ್ತಿದ್ದಾರೆ ಎಂಬುದು ಬಹಳ ಕಾಲ ಹಡಗಿನ ಮಾಲೀಕರಿಗೆ ಮತ್ತು ಅದನ್ನು ನೋಂದಾಯಿಸಿ ತನ್ನ ಬಾವುಟ ಕೊಟ್ಟ ಸರ್ಕಾರಕ್ಕೆ ಮಾತ್ರ ಗೊತ್ತಿರುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಗ್ಲೋಬಲ್ ಫಿಶಿಂಗ್ ವಾಚ್, ಹಡಗುಗಳು ಎಲ್ಲಿ ಮೀನು ಹಿಡಿಯುತ್ತಿವೆ ಎಂದು ತೋರಿಸುವ ತನ್ನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಈ ಗುಟ್ಟು ಅರ್ಧ ಬಯಲಾಯಿತು. ಪರಿಸರ ಸಂಸ್ಥೆಗಳಾದ ಓಷಿಯಾನಾ, ಸ್ಕೈಟ್ರೂತ್ ಮತ್ತು ಕಂಪನಿ ಗೂಗಲ್ ಸೇರಿ ಕಟ್ಟಿದ ಈ ಸೇವೆಯನ್ನು ಈಗ ಅದೇ ಹೆಸರಿನ ಸ್ವತಂತ್ರ ಲಾಭರಹಿತ ಸಂಸ್ಥೆ ನಡೆಸುತ್ತಿದೆ. ಬ್ರೌಸರ್ ಇದ್ದರೆ ಸಾಕು, ನೋಡಲು ದುಡ್ಡಿಲ್ಲ.

ಇಷ್ಟು ದಿನ ಇದು ಸಂಶೋಧಕರ ಮತ್ತು ಪತ್ರಕರ್ತರ ಸಾಧನವಾಗಿತ್ತು. ಈಗ ಪರಿಸ್ಥಿತಿ ಬದಲಾಗಿದೆ. ರಾಷ್ಟ್ರೀಯ ವ್ಯಾಪ್ತಿಯ ಆಚೆಗಿನ ಸಾಗರ ಜೀವವೈವಿಧ್ಯದ ಒಪ್ಪಂದ, ಎಲ್ಲರ ಬಾಯಲ್ಲಿ ಬಿಬಿಎನ್‌ಜೆ, 2023ರ ಜೂನ್ 19ರಂದು ಅಂಗೀಕಾರವಾಯಿತು. ಜಾರಿಗೆ ಬೇಕಿದ್ದ 60ನೇ ಅನುಮೋದನೆ 2025ರ ಸೆಪ್ಟೆಂಬರ್ 19ರಂದು ಬಂತು. 2026ರ ಜನವರಿ 17ರಿಂದ ಜಾರಿಯಲ್ಲಿದೆ. ಮುಕ್ತ ಸಾಗರದಲ್ಲಿ ಸಂರಕ್ಷಿತ ಪ್ರದೇಶ ಗುರುತಿಸಲು ಯಾವುದೇ ಸದಸ್ಯ ದೇಶ ಪ್ರಸ್ತಾವ ಸಲ್ಲಿಸಬಹುದು. ಪ್ರಸ್ತಾವದಲ್ಲಿ ಗಡಿ ಎಲ್ಲಿಂದ ಎಲ್ಲಿಗೆ, ಅಲ್ಲಿ ಯಾವ ಜೀವಿಗಳಿವೆ ಎಂಬುದರ ಜೊತೆಗೆ ಅಲ್ಲಿ ಮನುಷ್ಯರು ಏನು ಮಾಡುತ್ತಿದ್ದಾರೆ ಎಂಬ ವಿವರವೂ ಇರಬೇಕು. ಆ ಮೂರನೆಯದನ್ನು ತುಂಬಲು ಬಹುತೇಕ ಎಲ್ಲರೂ ಮೊದಲು ತೆರೆಯುವುದು ಇದೇ ನಕ್ಷೆಯನ್ನು. ಹಾಗಾಗಿ ಇದು ಯಾವುದಕ್ಕೆ ಸಾಕು, ಎಲ್ಲಿ ಕೈಕೊಡುತ್ತದೆ ಎಂದು ಸ್ವಲ್ಪ ಕಟುವಾಗಿಯೇ ನೋಡಬೇಕು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಳ ಕಟ್ಟಿದ ಉದ್ದನೆಯ ಹಗ್ಗ ಬಿಡುವ ದೊಡ್ಡ ಲಾಂಗ್‌ಲೈನ್ ಹಡಗುಗಳು, ಬಲೆ ಎಳೆಯುವ ಟ್ರಾಲರ್‌ಗಳು, ಯಂತ್ರದ ಗಾಳದಿಂದ ಸ್ಕ್ವಿಡ್ ಹಿಡಿಯುವ ಜಿಗ್ಗರ್‌ಗಳು ಎಲ್ಲಿ ಸೇರುತ್ತವೆ ಎಂದು ತಿಳಿಯಲು ಐದರಲ್ಲಿ ನಾಲ್ಕೂವರೆ ಅಂಕ. ಒಂದು ಪ್ರದೇಶದಲ್ಲಿ ಯಾರೂ ಇಲ್ಲ ಎಂದು ಸಾಬೀತು ಮಾಡಲು ಎರಡಕ್ಕಿಂತ ಹೆಚ್ಚು ಕೊಡಲಾಗದು. ಮೀನುಗಾರಿಕೆಯ ಗುರುತಾದ ಬಣ್ಣ ಕಂಡಲ್ಲಿ ಈ ನಕ್ಷೆ ಬಹುಮಟ್ಟಿಗೆ ನಿಜ ಹೇಳುತ್ತದೆ, ಬಣ್ಣ ಇಲ್ಲದ ಕಡೆ ಏನನ್ನೂ ಹೇಳುವುದಿಲ್ಲ. ಈ ವ್ಯತ್ಯಾಸ ಮರೆತವರೇ ಇದನ್ನು ಹೆಚ್ಚು ಹೊಗಳುತ್ತಾರೆ, ಹೆಚ್ಚು ಬೈಯುತ್ತಾರೆ ಕೂಡ.

ಬಣ್ಣ ಎಲ್ಲಿಂದ ಬರುತ್ತದೆ

ನಕ್ಷೆಯ ಜೀವಾಳ ಎಐಎಸ್ ಎಂಬ ರೇಡಿಯೊ ಸಂಕೇತ. ಅದು ಹುಟ್ಟಿದ್ದು ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲಿ ಎಂದು, ಕಾವಲಿಗಾಗಿ ಅಲ್ಲ. ದೊಡ್ಡ ಹಡಗಿನ ಕ್ಲಾಸ್ ಎ ಉಪಕರಣ 12.5 ವ್ಯಾಟ್ ಶಕ್ತಿಯಲ್ಲಿ, ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ತನ್ನ ಗುರುತು, ಜಾಗ, ವೇಗ, ದಿಕ್ಕುಗಳನ್ನು ಸುತ್ತಮುತ್ತಲಿಗೆ ಸಾರುತ್ತದೆ. ಅಗ್ಗದ ಕ್ಲಾಸ್ ಬಿ ಉಪಕರಣದ ಶಕ್ತಿ ಸಾಮಾನ್ಯವಾಗಿ 2 ವ್ಯಾಟ್ ಮಾತ್ರ. ಉಪಗ್ರಹಗಳು ಮೇಲಿನಿಂದ ಈ ಸಂಕೇತಗಳನ್ನು ಕದ್ದು ಕೇಳಿಸಿಕೊಂಡಂತೆ ಹಿಡಿಯುತ್ತವೆ. ಗ್ಲೋಬಲ್ ಫಿಶಿಂಗ್ ವಾಚ್ ಅವನ್ನು ಒಟ್ಟುಮಾಡಿ, ಹಡಗಿನ ಓಟದ ರೀತಿಯನ್ನು ನ್ಯೂರಲ್ ನೆಟ್‌ವರ್ಕ್ ಎಂಬ ಕಲಿಯುವ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಓದಿ, ಇದು ಯಾವ ಬಗೆಯ ಹಡಗು, ಈ ಹೊತ್ತಿನಲ್ಲಿ ಮೀನು ಹಿಡಿಯುತ್ತಿರಬಹುದೇ ಎಂದು ಅಂದಾಜು ಮಾಡುತ್ತದೆ. ಆ ಅಂದಾಜಿಗೆ ಇಟ್ಟ ಹೆಸರು 'ತೋರಿಕೆಯ ಮೀನುಗಾರಿಕೆ ಗಂಟೆ'. ಇಲ್ಲಿ 'ತೋರಿಕೆಯ' ಎಂಬ ವಿಶೇಷಣವನ್ನು ವರದಿ ಬರೆಯುವಾಗ ನುಂಗಿಬಿಡಬೇಡಿ. ಹಡಗಿನಲ್ಲಿ ಎಷ್ಟು ಮೀನು ಸಿಕ್ಕಿತು, ಯಾವ ಜಾತಿ ಎಂಬುದು ಇದರಲ್ಲಿ ಎಳ್ಳಷ್ಟೂ ಇಲ್ಲ.

ಅಂದಾಜು ಹೇಗೆ ನಡೆಯುತ್ತದೆ ಎಂದು ತಿಳಿದಿದ್ದರೆ ಎಲ್ಲಿ ತಪ್ಪುತ್ತದೆ ಎಂಬುದೂ ಗೊತ್ತಾಗುತ್ತದೆ. ಟ್ರಾಲರ್ ಬಲೆ ಎಳೆಯುವಾಗ ಸುಮಾರು 3ರಿಂದ 5 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ಹೋಗುತ್ತದೆ, ಕೊನೆಗೆ ತಿರುಗಿ ಮತ್ತೆ ಅದೇ ದಾರಿ ಹಿಡಿಯುತ್ತದೆ. ಅದನ್ನು ಯಂತ್ರ ಸುಲಭವಾಗಿ ಗುರುತಿಸುತ್ತದೆ. ಟ್ಯೂನಾ ಹಿಡಿಯುವ ಲಾಂಗ್‌ಲೈನ್ ಹಡಗು ವೇಗವಾಗಿ ಹಗ್ಗ ಬಿಡುತ್ತಾ ಹೋಗಿ, ನಂತರ ನಿಧಾನವಾಗಿ ಎಳೆದುಕೊಳ್ಳುತ್ತಾ ಬರುತ್ತದೆ. ಹಗ್ಗದ ಉದ್ದ 100 ಕಿ.ಮೀ. ಮುಟ್ಟುವುದೂ ಉಂಟು. ಅದರ ಜಾಡು ನೋಡಿದರೆ ಹಲ್ಲಿರುವ ಗರಗಸದ ಹಾಗೆ ಕಾಣುತ್ತದೆ, ಇಲ್ಲೂ ಎಡವಟ್ಟು ಕಡಿಮೆ. ತೊಂದರೆ ಇರುವುದು ಪರ್ಸೀನ್‌ನಲ್ಲಿ, ಅಂದರೆ ಹಿಂಡಿನ ಸುತ್ತ ಬಲೆ ಸುತ್ತುವ ಹಡಗಿನಲ್ಲಿ. ಮೀನಿನ ಹಿಂಡು ಹುಡುಕುತ್ತಾ ದಿನವಿಡೀ ತಿರುಗಿ, ಬಲೆ ಸುತ್ತುವುದು ಒಂದೆರಡು ಗಂಟೆಯ ಕೆಲಸ. ಆ ಚುಟುಕು ಹೊತ್ತನ್ನು ಯಂತ್ರ ತಪ್ಪಿಸಿಕೊಳ್ಳುವುದು ಸಹಜ. ಹಾಗಾಗಿ ಪರ್ಸೀನ್ ಗಂಟೆಗಳನ್ನು ಲಾಂಗ್‌ಲೈನ್ ಗಂಟೆಗಳ ಪಕ್ಕ ಇಟ್ಟು 'ಇಲ್ಲಿ ಪರ್ಸೀನ್ ಒತ್ತಡ ಕಡಿಮೆ' ಎಂದು ಬರೆಯುವುದು ಅರ್ಥವಿಲ್ಲದ ಮಾತು. ಎಲ್ಲ ಬಗೆಯ ಹಡಗುಗಳ ಗಂಟೆಗಳನ್ನು ಕೂಡಿಸಿ ಒಂದೇ ಸಂಖ್ಯೆ ಕೊಡುವುದೂ ಅಷ್ಟೇ. ತಳ ಕೆರೆಯುವ ಟ್ರಾಲರ್‌ನ ಒಂದು ಗಂಟೆ ಸಮುದ್ರತಳದ ಹವಳಕ್ಕೆ ಮಾಡುವುದನ್ನು ಲಾಂಗ್‌ಲೈನ್‌ನ ಒಂದು ಗಂಟೆ ಮಾಡುವುದಿಲ್ಲ. ಕಡಲಹಕ್ಕಿಗೆ, ಶಾರ್ಕ್‌ಗೆ ಲಾಂಗ್‌ಲೈನ್ ಮಾಡುವುದನ್ನು ಟ್ರಾಲರ್ ಮಾಡುವುದಿಲ್ಲ.

ಹೇಗೆ ಬಳಸಬೇಕು

ನಕ್ಷೆ ತೆರೆದ ಕೂಡಲೇ ಎಡಗಡೆ ಲೇಯರ್‌ಗಳ ಪಟ್ಟಿ, ಕೆಳಗೆ ಕಾಲಪಟ್ಟಿ. ನೋಡಲು ಖಾತೆ ಬೇಡ. ಡೇಟಾ ಇಳಿಸಿಕೊಳ್ಳಲು, ನಿಮ್ಮದೇ ಪ್ರದೇಶ ಅಪ್‌ಲೋಡ್ ಮಾಡಲು, ಕೆಲಸ ಉಳಿಸಲು ಉಚಿತ ಖಾತೆ ಬೇಕು. ಮೊದಲು ಮಾಡಬೇಕಾದ್ದು, ಎಐಎಸ್ ಮೀನುಗಾರಿಕೆ ಲೇಯರ್ ಒಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಆಫ್ ಮಾಡುವುದು. ವಿಎಂಎಸ್ ಲೇಯರ್, ಅಂದರೆ ಸರ್ಕಾರಗಳು ತಮ್ಮ ಹಡಗುಗಳಿಗೆ ಕಡ್ಡಾಯ ಮಾಡಿರುವ ಉಪಕರಣದ ಮಾಹಿತಿ, ಇಂಡೊನೇಷ್ಯಾ, ಪೆರು, ಚಿಲಿ ಮುಂತಾದ ಕೆಲವು ದೇಶಗಳು ಹಂಚಿಕೊಂಡಿವೆ. ಒಂದೇ ಹಡಗು ಎಐಎಸ್‌ನಲ್ಲೂ ವಿಎಂಎಸ್‌ನಲ್ಲೂ ಇರಬಹುದು. ಎರಡನ್ನೂ ಆನ್ ಮಾಡಿ ಗಂಟೆ ಕೂಡಿಸಿದರೆ ಒಂದೇ ಹಡಗನ್ನು ಎರಡು ಸಲ ಎಣಿಸಿದಂತೆ.

ಆಮೇಲೆ ವಿಶೇಷ ಆರ್ಥಿಕ ವಲಯದ (200 ನಾಟಿಕಲ್ ಮೈಲಿವರೆಗಿನ, ಆಯಾ ದೇಶದ ಹಕ್ಕಿನ ನೀರು) ಗಡಿ ಮತ್ತು ಪ್ರಾದೇಶಿಕ ಮೀನುಗಾರಿಕೆ ಸಂಸ್ಥೆಗಳ (ಒಂದು ಭಾಗದ ಮೀನುಗಾರಿಕೆಗೆ ನಿಯಮ ಮಾಡುವ ದೇಶಗಳ ಕೂಟ) ಗಡಿಗಳನ್ನು ಆನ್ ಮಾಡಿ. ಕಾಲಪಟ್ಟಿಯನ್ನು ಕನಿಷ್ಠ ಒಂದು ಪೂರ್ತಿ ವರ್ಷಕ್ಕೆ ಹಿಗ್ಗಿಸಿ, ಅದರ ನಂತರವೇ ತಿಂಗಳಿಗೆ ಇಳಿಯಿರಿ. ಮುಕ್ತ ಸಾಗರದ ಹಡಗುಪಡೆ ವಲಸೆ ಹೋಗುವಂಥದ್ದು. ಮಾರ್ಚ್‌ನಲ್ಲಿ ಕಿಕ್ಕಿರಿದ ಜಾಗ ಆಗಸ್ಟ್‌ನಲ್ಲಿ ಬಿಕೋ ಎನ್ನುತ್ತದೆ. ಡೇಟಾ 2012ರಿಂದ ಸಿಗುತ್ತದೆ, ಇವತ್ತಿಗಿಂತ ಸುಮಾರು ಮೂರು ದಿನ ಹಿಂದಿನವರೆಗೆ. ಆದರೆ 2012 ಮತ್ತು ಈಗಿನ ಗಂಟೆಗಳನ್ನು ನೇರವಾಗಿ ಹೋಲಿಸಬೇಡಿ. ಈ ನಡುವೆ ಎಐಎಸ್ ಹಾಕಿಸಿಕೊಂಡ ಹಡಗುಗಳೂ ಹೆಚ್ಚಿವೆ, ಕೇಳುವ ಉಪಗ್ರಹಗಳೂ ಹೆಚ್ಚಿವೆ. ರೇಖೆ ಮೇಲೇರಿದ್ದಕ್ಕೆ ಮೀನುಗಾರಿಕೆ ಹೆಚ್ಚಿದ್ದೇ ಕಾರಣವೆನ್ನಲಾಗದು. ಒಂದೇ ಹಡಗುಗಳ ಗುಂಪನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವುದು ಇದಕ್ಕೆ ಪರಿಹಾರ.

ನಿಮ್ಮ ಪ್ರಸ್ತಾವಿತ ಪ್ರದೇಶದ ಗಡಿಯನ್ನು ಜಿಯೋಜೇಸನ್, ಕೆಎಂಎಲ್ ಅಥವಾ ಜಿಪ್ ಮಾಡಿದ ಶೇಪ್‌ಫೈಲ್ ಎಂಬ ನಕ್ಷೆ ಫೈಲುಗಳಾಗಿ ಹಾಕಬಹುದು. ಮೂರು ಕಡೆ ಎಡವುವುದು ಮಾಮೂಲು. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಉಲ್ಟಾ ಬರೆದರೆ ನಿಮ್ಮ ಸಂರಕ್ಷಿತ ಪ್ರದೇಶ ಇನ್ಯಾವುದೋ ಖಂಡದ ಮೇಲೆ ಹೋಗಿ ಕೂರುತ್ತದೆ. ಶೇಪ್‌ಫೈಲ್ ಜಿಪ್‌ನೊಳಗೆ ಎಸ್‌ಎಚ್‌ಪಿ ಒಂದೇ ಸಾಲದು, ಜೊತೆಯ ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ಫೈಲುಗಳೂ ಇರಬೇಕು. ಇನ್ನು ಪೆಸಿಫಿಕ್‌ನಲ್ಲಿ 180 ಡಿಗ್ರಿ ರೇಖಾಂಶ ದಾಟುವ ಆಕೃತಿಯನ್ನು ಆ ಗೆರೆಯಲ್ಲೇ ಎರಡು ತುಂಡು ಮಾಡಿ ಹಾಕಿ, ಇಲ್ಲದಿದ್ದರೆ ಅದು ಭೂಮಿಯನ್ನೇ ಸುತ್ತಿಕೊಳ್ಳುವ ಪಟ್ಟಿಯಾಗಿಬಿಡುವ ಅಪಾಯವಿದೆ. ಗಡಿ ಹಾಕಿದ ಮೇಲೆ ಅದರ ಮೇಲೆ ಕ್ಲಿಕ್ ಮಾಡಿದರೆ ಬಾವುಟವಾರು, ಬಲೆವಾರು, ಹಡಗುವಾರು ವರದಿ ಸಿಗುತ್ತದೆ. ನಕ್ಷೆಯ ಅತ್ಯಂತ ಬೆಲೆಬಾಳುವ ಗುಂಡಿ ಇದೇ.

ಕಣ್ಣು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಫಲಿತಾಂಶ ಮೊದಲೇ ಗೊತ್ತಿರುವ ಒಂದು ಜಾಗ ನೋಡಿ. ಕಿರಿಬಾಟಿ ದೇಶದ ಫೀನಿಕ್ಸ್ ದ್ವೀಪಗಳ ಸಂರಕ್ಷಿತ ಪ್ರದೇಶ, 4 ಲಕ್ಷ ಚದರ ಕಿ.ಮೀ. ಮೀರಿದ್ದು, 2015ರ ಜನವರಿ 1ರಂದು ವಾಣಿಜ್ಯ ಮೀನುಗಾರಿಕೆಗೆ ಬಾಗಿಲು ಹಾಕಿತು. ಅದು ಮುಕ್ತ ಸಾಗರವಲ್ಲ, ಕಿರಿಬಾಟಿಯದೇ ನೀರು. ಆದರೂ 2014ರ ಕೊನೆಯ ಆರು ತಿಂಗಳು ಮತ್ತು 2015ರ ಮೊದಲ ಆರು ತಿಂಗಳನ್ನು ಪಕ್ಕಪಕ್ಕ ಇಟ್ಟರೆ, ನಿಯಮ ಪಾಲನೆಯಾದಾಗ ನಕ್ಷೆ ಹೇಗೆ ಕಾಣಬೇಕು ಎಂದು ತಿಳಿಯುತ್ತದೆ. ಒಳಗೆ ಬಣ್ಣ ಆರಿಹೋಗುತ್ತದೆ, ಗಡಿಯ ಹೊರಗೆ ಉಳಿಯುತ್ತದೆ. ನಿಮ್ಮ ಪ್ರದೇಶದಲ್ಲಿ ಗಡಿಯ ಎರಡೂ ಕಡೆ ಒಟ್ಟಿಗೆ ಬಣ್ಣ ಮಾಯವಾದರೆ ಸಂರಕ್ಷಣೆ ಗೆದ್ದಿತೆಂದು ಬೀಗುವ ಮೊದಲು ಸಿಗ್ನಲ್ ಹಿಡಿಯುವುದರಲ್ಲೇ ತೊಂದರೆ ಇರಬಹುದೇ ಎಂದು ನೋಡಿ.

ಮೈಲಿ 201

ಈ ನಕ್ಷೆಯ ಶಕ್ತಿ, ಮಿತಿ ಎರಡನ್ನೂ ಒಂದೇ ಜಾಗದಲ್ಲಿ ನೋಡಬೇಕೆಂದರೆ ಅರ್ಜೆಂಟೀನಾದ ವಲಯದ ಹೊರಗಡಿಗೆ ಹೋಗಬೇಕು. ಮೀನುಗಾರರೂ ಪತ್ರಕರ್ತರೂ ಮೈಲಿ 201 ಎನ್ನುವ ಜಾಗ. ವರ್ಷದ ಮೊದಲ ತಿಂಗಳುಗಳಲ್ಲಿ ಅರ್ಜೆಂಟೀನಾದ ಸ್ಕ್ವಿಡ್, ನಮ್ಮ ಕರಾವಳಿಯವರ ಭಾಷೆಯಲ್ಲಿ ಬೊಂಡಾಸ್, ಹಿಡಿಯಲು ನೂರಾರು ಜಿಗ್ಗರ್ ಹಡಗುಗಳು 200 ಮೈಲಿಯ ಗೆರೆಗೆ ಮೂತಿ ಒತ್ತಿಕೊಂಡು ನಿಲ್ಲುತ್ತವೆ. ರಾತ್ರಿ ಸಾಲುಸಾಲು ದೀಪ ಹೊತ್ತಿಸಿ, ಬೆಳಕಿಗೆ ಮೇಲೆದ್ದ ಸ್ಕ್ವಿಡ್ಡನ್ನು ಯಂತ್ರದ ಗಾಳಗಳಿಂದ ಎತ್ತುತ್ತವೆ. ಈ ಸ್ಕ್ವಿಡ್‌ನ ಆಯುಷ್ಯವೇ ಸುಮಾರು ಒಂದು ವರ್ಷ; ಒಂದು ಕಾಲಮಾನದಲ್ಲಿ ಮಿತಿಮೀರಿದರೆ ಮುಂದಿನ ಕಾಲಮಾನದ ಬೀಜಕ್ಕೇ ಪೆಟ್ಟು.

ಇಲ್ಲಿ ಎಐಎಸ್ ಲೇಯರ್ ಜೊತೆಗೆ ರಾತ್ರಿ ಬೆಳಕಿನ ಲೇಯರ್ ಆನ್ ಮಾಡಿ. ಸುವೊಮಿ ಎನ್‌ಪಿಪಿ ಮೊದಲಾದ ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಸಂವೇದಕ ಸ್ಥಳೀಯ ಸಮಯ ನಡುರಾತ್ರಿ ಒಂದೂವರೆ ಸುಮಾರಿಗೆ ಹಾದುಹೋಗುತ್ತಾ ದೀಪಗಳನ್ನು ಹಿಡಿಯುತ್ತದೆ. ಎಐಎಸ್ ಆಫ್ ಮಾಡಬಹುದು, ದೀಪ ಆರಿಸಿದರೆ ಮೀನು ಬರುವುದಿಲ್ಲ. ಎರಡು ಲೇಯರ್‌ಗಳ ಚುಕ್ಕೆಗಳನ್ನು ಹೋಲಿಸಿ, ದೀಪ ಇದ್ದೂ ಸಿಗ್ನಲ್ ಇಲ್ಲದ ಜಾಗಗಳನ್ನು ಗುರುತು ಮಾಡಿಕೊಳ್ಳಬಹುದು. ಆದರೆ ಮೋಡ ಕವಿದ ರಾತ್ರಿ ಈ ಲೇಯರ್ ಕುರುಡು. ಹುಣ್ಣಿಮೆಯ ಆಸುಪಾಸಿನಲ್ಲಿ ಬೆಳದಿಂಗಳು ಮೋಡ, ಅಲೆಗಳ ಮೇಲೆ ಬಿದ್ದು ಚುಕ್ಕೆಗಳನ್ನು ಕೆಡಿಸುತ್ತದೆ, ಆ ಹೊತ್ತಿಗೆ ದೀಪದ ಮೀನುಗಾರಿಕೆಯೂ ಮಂದ. ಇದರ ಮೇಲೆ ದಕ್ಷಿಣ ಅಟ್ಲಾಂಟಿಕ್‌ನ ಆ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿರುವುದರಿಂದ ಬಾಹ್ಯಾಕಾಶದ ಕಣಗಳು ಸಂವೇದಕಕ್ಕೆ ಬಡಿದು ಸುಳ್ಳು ಚುಕ್ಕೆ ಮೂಡಿಸುತ್ತವೆ. ಒಂಟಿ ಚುಕ್ಕೆಯನ್ನು ನಂಬಬೇಡಿ. ಮರುದಿನವೂ ಅದೇ ಸುತ್ತಿನಲ್ಲಿ ಗುಂಪಾಗಿ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಈಗ ಆಡಳಿತದ ಮಾತು. ಟ್ಯೂನಾ ಬಿಟ್ಟು ಬೇರೆ ಮೀನಿಗೆ ನೈಋತ್ಯ ಅಟ್ಲಾಂಟಿಕ್‌ನ ಮುಕ್ತ ಸಾಗರದಲ್ಲಿ ಯಾವುದೇ ಪ್ರಾದೇಶಿಕ ಮೀನುಗಾರಿಕೆ ಸಂಸ್ಥೆ ಇಲ್ಲ. ಖಂಡದ ಇನ್ನೊಂದು ಮಗ್ಗುಲಲ್ಲಿ, ಪೆಸಿಫಿಕ್‌ನಲ್ಲಿ, ಹಂಬೋಲ್ಟ್ ಸ್ಕ್ವಿಡ್‌ಗೆ ಎಸ್‌ಪಿಆರ್‌ಎಫ್‌ಎಂಒ ಎಂಬ ಅಂಥ ಸಂಸ್ಥೆ ಇದೆ, ಕೇಂದ್ರ ಕಚೇರಿ ವೆಲ್ಲಿಂಗ್ಟನ್‌ನಲ್ಲಿ. ನಕ್ಷೆಯಲ್ಲಿ ಎರಡೂ ಕಡೆ ಒಂದೇ ಬಗೆಯ ಹಡಗುಗಳು, ಎಷ್ಟೋ ಸಲ ಅದೇ ಹಡಗುಗಳು ಮಗೆಲ್ಲನ್ ಜಲಸಂಧಿ ದಾಟಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಕಾಣುತ್ತದೆ. ಒಂದು ಕಡೆ ಕೇಳುವವರಿದ್ದಾರೆ, ಇನ್ನೊಂದು ಕಡೆ ಬಾವುಟದ ದೇಶ ಬಿಟ್ಟರೆ ದೂರು ಕೊಡಲು ಕಿಟಕಿಯೇ ಇಲ್ಲ. ಪ್ರಾದೇಶಿಕ ಸಂಸ್ಥೆಗಳ ಗಡಿ ಲೇಯರ್ ಆನ್ ಮಾಡಿ ಇದನ್ನು ತೋರಿಸಿದರೆ ಹತ್ತು ಪುಟದ ಟಿಪ್ಪಣಿಗಿಂತ ಹೆಚ್ಚು ಕೆಲಸವಾಗುತ್ತದೆ.

ಖಾಲಿ ಜಾಗ ಏಕೆ ಖಾಲಿ

ಸಿಗ್ನಲ್ ಇಲ್ಲದಿದ್ದರೆ ಮೊದಲು ಬರುವ ಅನುಮಾನ, ಸ್ವಿಚ್ ಆಫ್ ಮಾಡಿದ್ದಾರೆ ಎಂದು. ಅದು ನಡೆಯುತ್ತದೆ, ಸಣ್ಣ ಪ್ರಮಾಣದಲ್ಲೇನೂ ಅಲ್ಲ. 2022ರಲ್ಲಿ ಸೈನ್ಸ್ ಅಡ್ವಾನ್ಸಸ್‌ನಲ್ಲಿ ಬಂದ ಅಧ್ಯಯನ 2017ರಿಂದ 2019ರ ನಡುವೆ, ದಡದಿಂದ 50 ನಾಟಿಕಲ್ ಮೈಲಿ ಆಚೆ, ಬೇಕೆಂದೇ ಆಫ್ ಮಾಡಿದಂತೆ ಕಾಣುವ 55 ಸಾವಿರಕ್ಕೂ ಹೆಚ್ಚು ಘಟನೆಗಳನ್ನು ಗುರುತಿಸಿತು. ಮರೆಯಾದದ್ದು ಸುಮಾರು 49 ಲಕ್ಷ ಗಂಟೆ. ಅರ್ಜೆಂಟೀನಾದ ಗಡಿಯ ಪಕ್ಕ, ಪಶ್ಚಿಮ ಆಫ್ರಿಕಾದ ಎದುರು, ವಾಯವ್ಯ ಪೆಸಿಫಿಕ್ ಇದರ ಮುಖ್ಯ ತಾಣಗಳು. ಆದರೆ ಎಲ್ಲ ಮೌನವೂ ಕಳ್ಳತನವಲ್ಲ. ಕಡಲ್ಗಳ್ಳರ ಭಯವಿರುವಲ್ಲಿ ನಾಯಕನೇ ಆಫ್ ಮಾಡುತ್ತಾನೆ. ಮೀನು ಸಿಕ್ಕ ಜಾಗ ಪ್ರತಿಸ್ಪರ್ಧಿಗೆ ತಿಳಿಯದಿರಲಿ ಎಂದು ಆಫ್ ಮಾಡುವವರೂ ಇದ್ದಾರೆ.

ಅದಕ್ಕಿಂತ ದೊಡ್ಡ ಕಾರಣ ತಾಂತ್ರಿಕವಾದದ್ದು. ಎಐಎಸ್ ಹಡಗುಗಳು ಅಕ್ಕಪಕ್ಕದವರೊಂದಿಗೆ ಸರದಿ ಹಂಚಿಕೊಂಡು ಮಾತಾಡುತ್ತವೆ. ಉಪಗ್ರಹಕ್ಕೆ ಒಂದೇ ಹೊತ್ತಿಗೆ ಸಾವಿರಾರು ಕಿ.ಮೀ. ಅಗಲದ ನೀರು ಕೇಳಿಸುವುದರಿಂದ, ಪರಸ್ಪರ ಕೇಳಿಸದ ನೂರಾರು ಗುಂಪುಗಳ ಮಾತು ಅಲ್ಲಿ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಹಡಗು ದಟ್ಟವಾಗಿರುವಲ್ಲಿ, ಅದರಲ್ಲೂ 2 ವ್ಯಾಟಿನ ಕ್ಲಾಸ್ ಬಿ ಉಪಕರಣಗಳಿದ್ದರೆ, ಸಿಗ್ನಲ್ ಕಳೆದುಹೋಗುವುದು ಖಚಿತ. ಹಾಗಾಗಿ ಯಾವುದೇ ಮೌನವನ್ನು ಅನುಮಾನಿಸುವ ಮೊದಲು ಆ ಹಡಗಿನದು ಕ್ಲಾಸ್ ಎ ಉಪಕರಣವೇ, ಅದೇ ದಿನ ಅಕ್ಕಪಕ್ಕದ ಹಡಗುಗಳು ಕೇಳಿಸುತ್ತಿದ್ದವೇ, ಮೌನ 12 ಗಂಟೆ ಮೀರಿತೇ ಎಂದು ನೋಡಬೇಕು. ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಮುಂದಕ್ಕೆ ಹೋಗಿ.

ಇನ್ನು ಕೆಲವು ಹಡಗುಗಳಿಗೆ ಎಐಎಸ್ ಕಡ್ಡಾಯವೇ ಅಲ್ಲ. ಅಂತರರಾಷ್ಟ್ರೀಯ ಕಡಲ ಸುರಕ್ಷತಾ ಒಪ್ಪಂದದ 300 ಟನ್ನಿನ ನಿಯಮ ಸರಕು ಹಡಗುಗಳನ್ನು ಗಮನದಲ್ಲಿಟ್ಟದ್ದು; ಮೀನುಗಾರಿಕೆ ಹಡಗುಗಳ ವಿಷಯ ಆಯಾ ದೇಶಕ್ಕೆ ಬಿಟ್ಟದ್ದು. ಯುರೋಪಿಯನ್ ಒಕ್ಕೂಟ 15 ಮೀಟರ್ ಮೀರಿದ ಮೀನುಗಾರಿಕೆ ಹಡಗುಗಳಿಗೆಲ್ಲ ಕಡ್ಡಾಯ ಮಾಡಿದೆ. ಪರಿಣಾಮವಾಗಿ ನಿಯಮ ಪಾಲಿಸುವವರೇ ನಕ್ಷೆಯಲ್ಲಿ ಢಾಳಾಗಿ ಕಾಣುತ್ತಾರೆ, ಉಳಿದವರು ನೆರಳಲ್ಲಿ. ಬಾವುಟವಾರು ಹೋಲಿಕೆ ಮಾಡುವವರು ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಸಿಗ್ನಲ್ ಇಲ್ಲದ ಹಡಗನ್ನೂ ಹಿಡಿಯುವ ರಾಡಾರ್ ಲೇಯರ್ ಇದೆಯಲ್ಲ ಎಂದು ಕೇಳುವವರಿಗೆ: ಇದೆ, ಚೆನ್ನಾಗಿಯೂ ಇದೆ, ಆದರೆ ದಡದ ಹತ್ತಿರಕ್ಕೆ. ಆ ರಾಡಾರ್ ಹೊತ್ತ ಸೆಂಟಿನೆಲ್-1 ಉಪಗ್ರಹ ಮುಖ್ಯವಾಗಿ ನೆಲ ಮತ್ತು ಕರಾವಳಿಯ ಚಿತ್ರ ತೆಗೆಯುತ್ತದೆ, ನಡುಸಾಗರದ್ದನ್ನು ಅಪರೂಪಕ್ಕೆ. 2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್-1ಬಿ ಕೆಟ್ಟು ನಿಂತು, 2024ರ ಡಿಸೆಂಬರ್‌ನಲ್ಲಿ 1ಸಿ ಹಾರುವವರೆಗೆ ಚಿತ್ರಗಳೂ ಕಡಿಮೆ. ಆ ಅವಧಿಯ ಕುಸಿತವನ್ನು ಹಡಗುಗಳ ಕುಸಿತ ಎಂದು ಓದಬೇಡಿ. 2024ರ ಜನವರಿಯಲ್ಲಿ ನೇಚರ್‌ನಲ್ಲಿ ಇದೇ ಸಂಸ್ಥೆಯ ತಂಡ ಪ್ರಕಟಿಸಿದ, ಕೈಗಾರಿಕಾ ಮೀನುಗಾರಿಕೆ ಹಡಗುಗಳಲ್ಲಿ ಶೇ 72ರಿಂದ 76ರಷ್ಟು ಸಾರ್ವಜನಿಕ ಜಾಡಿನಲ್ಲಿ ಇಲ್ಲ ಎಂಬ ಅಂಕಿ ಎಲ್ಲೆಡೆ ಉಲ್ಲೇಖವಾಗುತ್ತದೆ. ಆ ಅಂಕಿ ರಾಡಾರ್ ನೋಡಿದ ಕರಾವಳಿ ನೀರಿನದ್ದು. ಮುಕ್ತ ಸಾಗರದ ಬಗ್ಗೆ ಬರೆಯುವಾಗ ಅದನ್ನು ತಂದು ಅಂಟಿಸುವುದು ಈಗ ಒಂದು ರೋಗದಂತೆ ಹರಡಿದೆ. ನಡುಸಾಗರದಲ್ಲಿ ತಿರುಗುವುದು ಹೆಚ್ಚಾಗಿ ದೊಡ್ಡ ಹಡಗುಗಳು. ಅಲ್ಲಿ ಎಐಎಸ್ ಚಿತ್ರ ಕರಾವಳಿಗಿಂತ ಎಷ್ಟೋ ವಾಸಿ.

ವಾಸಿ ಎನ್ನುವುದಕ್ಕೆ ಪುರಾವೆಯೂ ಇದೆ. 2018ರ ಸೈನ್ಸ್ ಪತ್ರಿಕೆಯ ಅಧ್ಯಯನದಲ್ಲಿ 70 ಸಾವಿರಕ್ಕೂ ಹೆಚ್ಚು ಹಡಗುಗಳ ಜಾಡು ನೋಡಿದಾಗ, ಮುಕ್ತ ಸಾಗರದಲ್ಲಿ ಕಂಡ ಮೀನುಗಾರಿಕೆಯ ಶೇ 85ಕ್ಕೂ ಹೆಚ್ಚು ಚೀನಾ, ಸ್ಪೇನ್, ತೈವಾನ್, ಜಪಾನ್, ದಕ್ಷಿಣ ಕೊರಿಯಾ ಎಂಬ ಐದು ಬಾವುಟಗಳದ್ದೇ ಆಗಿತ್ತು. ಅದೇ ಅಧ್ಯಯನದ ಒಂದು ಮೋಜಿನ ಸಂಗತಿ: ಮೀನುಗಾರಿಕೆಯ ಏರಿಳಿತವನ್ನು ನಿರ್ಧರಿಸುವುದರಲ್ಲಿ ಚೀನೀ ಹೊಸವರ್ಷ, ಕ್ರಿಸ್‌ಮಸ್ ರಜೆಗಳ ಕೈವಾಡ ಎದ್ದು ಕಾಣುತ್ತಿತ್ತು. ಎರಡು ತಿಂಗಳುಗಳನ್ನು ಹೋಲಿಸುವಾಗ ಹಬ್ಬದ ಪಟ್ಟಿ ಪಕ್ಕದಲ್ಲಿರಲಿ.

ಎರಡು ಹಡಗು ಅಂಟಿಕೊಂಡು ನಿಂತಾಗ

ಮುಕ್ತ ಸಾಗರದಲ್ಲಿ ಹಿಡಿದ ಮೀನು ಬಂದರಿಗೆ ಹೋಗುವುದು ಹೆಚ್ಚಾಗಿ ಶೈತ್ಯಾಗಾರವಿರುವ ಸಾಗಣೆ ಹಡಗಿನಲ್ಲಿ. ನಡುನೀರಿನಲ್ಲೇ ಮೀನು ವರ್ಗವಾದಾಗ ಯಾವ ಮೀನು ಯಾರದ್ದು ಎಂಬ ಲೆಕ್ಕ ಕಲಸುಮೇಲೋಗರವಾಗುತ್ತದೆ. ಇದನ್ನು ಹಿಡಿಯಲು ನಕ್ಷೆಯಲ್ಲಿ 'ಎನ್‌ಕೌಂಟರ್' ಎಂಬ ಲೇಯರ್ ಇದೆ: ಎರಡು ಹಡಗುಗಳು 500 ಮೀಟರ್ ಒಳಗೆ, 2 ನಾಟ್‌ಗಿಂತ ಕಡಿಮೆ ವೇಗದಲ್ಲಿ, ಕನಿಷ್ಠ 2 ಗಂಟೆ ಜೊತೆಗಿದ್ದರೆ ಒಂದು ಘಟನೆ. ಇನ್ನೊಂದು 'ಲಾಯ್ಟರಿಂಗ್': ಸಾಗಣೆ ಹಡಗು ನಡುನೀರಿನಲ್ಲಿ ಒಂಟಿಯಾಗಿ, ಭೇಟಿಗೆ ಕಾದಂತೆ ನಿಧಾನಿಸುವುದು. ಎರಡನೆಯದು ಹೆಚ್ಚು ಸ್ವಾರಸ್ಯಕರ, ಏಕೆಂದರೆ ಅದರ ಪಕ್ಕದಲ್ಲಿ ಸಿಗ್ನಲ್ ಇಲ್ಲದ ಹಡಗು ಇದ್ದಿರಬಹುದು. ಯಂತ್ರ ರಿಪೇರಿಗೆ ನಿಂತಿರಬಹುದು, ಬಂದರಿನ ಸರದಿ ಕಾಯುತ್ತಿರಬಹುದು ಕೂಡ. ಎನ್‌ಕೌಂಟರ್‌ನಲ್ಲೂ ಡೀಸೆಲ್, ಆಹಾರ, ಕೂಲಿಗಳ ಬದಲಾವಣೆ ನಡೆದಿರಬಹುದು. ಮೀನು ವರ್ಗವಾಯಿತು ಎಂದು ನಕ್ಷೆ ಎಲ್ಲೂ ಹೇಳುವುದಿಲ್ಲ. ಸಾಗಣೆ ಹಡಗಿನ ಮುಂದಿನ ಬಂದರು ಭೇಟಿ ಯಾವುದು ಎಂದು ನೋಡಿದರೆ ಮಾತ್ರ ಈ ಮಾಹಿತಿಗೆ ತೂಕ ಬರುತ್ತದೆ. 2016ರ ಜೂನ್ 5ರಿಂದ ಜಾರಿಯಲ್ಲಿರುವ ಬಂದರು ರಾಷ್ಟ್ರಗಳ ಕ್ರಮಗಳ ಒಪ್ಪಂದಕ್ಕೆ ಸೇರಿದ ದೇಶ ಅದಾಗಿದ್ದರೆ, ಆ ಹಡಗನ್ನು ತಪಾಸಣೆ ಮಾಡುವ, ಒಳಗೆ ಬಿಡದಿರುವ ಅಧಿಕಾರ ಅದಕ್ಕಿದೆ. ಮುಕ್ತ ಸಾಗರದಲ್ಲಿ ಕೈಗೆ ಸಿಗದ ಹಡಗು ಸಿಕ್ಕಿಬೀಳುವುದು ಬಂದರಿನಲ್ಲೇ.

ಹಡಗಿನ ಗುರುತಿನ ಬಗ್ಗೆ ಒಂದು ಎಚ್ಚರಿಕೆ. ಎಐಎಸ್‌ನಲ್ಲಿ ಬರುವ ಒಂಬತ್ತು ಅಂಕಿಯ ಎಂಎಂಎಸ್‌ಐ ಬಾವುಟ ಬದಲಾದರೆ ಬದಲಾಗುತ್ತದೆ, ಒಂದೇ ಸಂಖ್ಯೆಯನ್ನು ಎರಡು ಹಡಗುಗಳು ಬಳಸುವುದೂ ಉಂಟು. ಆಗ ಜಾಡು ಎರಡು ಸಾಗರಗಳ ನಡುವೆ ಅಂಕುಡೊಂಕಾಗಿ ಜಿಗಿಯುತ್ತದೆ. ಏಳು ಅಂಕಿಯ ಐಎಂಒ ಸಂಖ್ಯೆ ಹಡಗಿನ ಆಯುಷ್ಯವಿಡೀ ಅದರೊಂದಿಗೇ ಇರುತ್ತದೆ. ಹುಡುಕಾಟ ಯಾವಾಗಲೂ ಐಎಂಒ ಸಂಖ್ಯೆಯಿಂದ ಶುರುವಾಗಲಿ. ನೋಂದಣಿ ವಿವರ ಸಿಕ್ಕರೂ ಲಾಭ ಯಾರ ಜೇಬಿಗೆ ಎಂಬುದು ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಈ ಸೇವೆಯ ಲೋಪ ಎನ್ನುವುದಕ್ಕಿಂತ ಹಡಗು ನೋಂದಣಿ ವ್ಯವಸ್ಥೆಯ ಹಳೆಯ ಹುಳುಕು.

ಕಂಡದ್ದನ್ನು ಯಾರ ಮುಂದೆ ಇಡುವುದು

1982ರ ಕಡಲ ಕಾನೂನಿನ ಒಪ್ಪಂದದ 92ನೇ ವಿಧಿಯಂತೆ ಮುಕ್ತ ಸಾಗರದಲ್ಲಿ ಹಡಗಿನ ಮೇಲಿನ ಅಧಿಕಾರ ಬಾವುಟದ ದೇಶದ್ದು. ಬಿಬಿಎನ್‌ಜೆ ಬಂದರೂ ಇದು ಬದಲಾಗಿಲ್ಲ. ಒಮ್ಮತ ಮೂಡದಿದ್ದರೆ ನಾಲ್ಕರಲ್ಲಿ ಮೂರು ಪಾಲು ಮತಗಳಿಂದ ಸಂರಕ್ಷಿತ ಪ್ರದೇಶ ಘೋಷಿಸಲು ಸದಸ್ಯ ರಾಷ್ಟ್ರಗಳ ಸಭೆಗೆ ಸಾಧ್ಯವಿದೆ. 120 ದಿನದೊಳಗೆ ಆಕ್ಷೇಪ ಸಲ್ಲಿಸಿ ಒಂದು ದೇಶ ಹೊರಗುಳಿಯಲೂ ದಾರಿ ಇದೆ. ಆ ನೀರಿನ ಮೀನುಗಾರಿಕೆಗೆ ಈಗಾಗಲೇ ಒಂದು ಸಂಸ್ಥೆ ಇದ್ದರೆ, ಅದರ ವ್ಯಾಪ್ತಿಯ ವಿಷಯದಲ್ಲಿ ಸಭೆ ಶಿಫಾರಸು ಮಾಡಬಹುದು ಅಷ್ಟೇ. ಆದ್ದರಿಂದ ನಕ್ಷೆಯ ವರದಿಯನ್ನು ಒಂದೇ ಕಡತದಲ್ಲಿ ತುಂಬಬೇಡಿ. ಲಾಂಗ್‌ಲೈನ್ ಗಂಟೆಗಳು ಟ್ಯೂನಾ ಸಂಸ್ಥೆಗೆ, ತಳದ ಟ್ರಾಲ್ ಗಂಟೆಗಳು ತಳಮೀನಿನ ಸಂಸ್ಥೆಗೆ, ಸಾಗಣೆ ಹಡಗಿನ ಭೇಟಿಗಳು ಬಂದರು ರಾಷ್ಟ್ರಕ್ಕೆ, ಎಲ್ಲದರ ಪ್ರತಿಯೂ ಬಾವುಟದ ದೇಶಕ್ಕೆ.

ಈ ಹಂಚಿಕೆ ಎಷ್ಟು ಜಟಿಲ ಎಂದು ನೋಡಲು ಸಾಯಾ ಡಿ ಮಾಲ್ಯಾ ದಿಬ್ಬ ಒಳ್ಳೆಯ ಉದಾಹರಣೆ. ಸೀಶೆಲ್ಸ್ ಮತ್ತು ಮಾರಿಷಸ್ ನಡುವೆ ನೀರಿನೊಳಗೆ ಮುಳುಗಿರುವ, ಕಡಲಹುಲ್ಲಿನ ಮಹಾ ಬಯಲುಗಳಲ್ಲಿ ಒಂದಾದ ಈ ದಿಬ್ಬದ ತಳದ ಹಕ್ಕು 2012ರ ಒಪ್ಪಂದಗಳಂತೆ ಆ ಎರಡು ದೇಶಗಳದ್ದು, ಜಂಟಿಯಾಗಿ. ಅದರ ಮೇಲಿನ ನೀರು ಮಾತ್ರ ಬಹುಪಾಲು ಮುಕ್ತ ಸಾಗರ. ಆ ನೀರಿನ ಟ್ಯೂನಾ ಹಿಂದೂ ಮಹಾಸಾಗರ ಟ್ಯೂನಾ ಆಯೋಗಕ್ಕೆ ಸೇರಿದ್ದು, ಉಳಿದ ಮೀನು ದಕ್ಷಿಣ ಹಿಂದೂ ಮಹಾಸಾಗರ ಮೀನುಗಾರಿಕೆ ಒಪ್ಪಂದಕ್ಕೆ. ನಕ್ಷೆಯ ಮುಕ್ತ ಸಾಗರ ಲೇಯರ್ ನೀರಿನ ಮೇಲ್ಮೈಯ ಕಾನೂನನ್ನು ಮಾತ್ರ ತೋರಿಸುತ್ತದೆ, ತಳದ ಹಕ್ಕನ್ನಲ್ಲ. ಅಲ್ಲಿ ಟ್ರಾಲರ್ ಜಾಡು ಕಂಡರೆ ಎರಡು ಕಾನೂನುಗಳ ಪ್ರಶ್ನೆ ಒಟ್ಟಿಗೆ ಏಳುತ್ತದೆ. ವಿಸ್ತರಿತ ಖಂಡದಂಚಿನ (200 ಮೈಲಿಯಾಚೆಗೂ ದೇಶಕ್ಕೆ ತಳದ ಹಕ್ಕಿರುವ ಭಾಗ) ಗಡಿಯನ್ನು ಬೇರೆ ಮೂಲದಿಂದ ತಂದು ಮೇಲೆ ಹಾಸಿಯೇ ಇಂಥ ಜಾಗ ನೋಡಬೇಕು.

ಜೀವಿಗಳ ಮಾಹಿತಿಗೆ ಈ ನಕ್ಷೆಯನ್ನು ನೆಚ್ಚಬೇಡಿ. ಸಮುದ್ರದ ಉಷ್ಣತೆ, ಪತ್ರಹರಿತ್ತು, ಆಳದ ಲೇಯರ್‌ಗಳಿವೆ, ಹಿನ್ನೆಲೆಗೆ ಸರಿ. ಯಾವ ಜೀವಿ ಎಲ್ಲಿ ದಾಖಲಾಗಿದೆ ಎಂಬುದಕ್ಕೆ ಯುನೆಸ್ಕೊ ಅಡಿಯ ಓಬಿಸ್ ದತ್ತಾಂಶ ಕೋಶಕ್ಕೆ ಹೋಗಬೇಕು. ಅಲ್ಲೂ ಖಾಲಿ ಜಾಗ ಎಂದರೆ ಜೀವಿ ಇಲ್ಲ ಎಂದಲ್ಲ, ಸಂಶೋಧನಾ ಹಡಗು ಹೋಗಿಲ್ಲ ಎಂದು.

ಕ್ಲಿಕ್ ಮಾಡಿ ಬೇಸತ್ತವರಿಗೆ ಎಪಿಐ, ಅಂದರೆ ಪ್ರೋಗ್ರಾಂ ಮೂಲಕ ನೇರವಾಗಿ ಡೇಟಾ ತರಿಸುವ ದಾರಿ, ಇದೆ, ಆರ್ ಮತ್ತು ಪೈಥಾನ್ ಎರಡಕ್ಕೂ ಸಿದ್ಧ ಪ್ಯಾಕೇಜುಗಳಿವೆ, ಟೋಕನ್ ಉಚಿತ. ಪರವಾನಗಿ ವಾಣಿಜ್ಯೇತರ ಬಳಕೆಗೆ, ಮೂಲ ಹೆಸರಿಸಬೇಕು. ಸಲಹಾ ಶುಲ್ಕ ಪಡೆದು ವರದಿ ಬರೆಯುವವರು ಷರತ್ತು ಓದಿಕೊಳ್ಳಲಿ. ಮತ್ತೆ, ಇಳಿಸಿಕೊಂಡ ದಿನಾಂಕ ಮತ್ತು ದತ್ತಾಂಶದ ಆವೃತ್ತಿಯನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಸಂಸ್ಥೆ ಹಡಗು ವರ್ಗೀಕರಣ ಸುಧಾರಿಸಿದಾಗಲೆಲ್ಲ ಹಳೆಯ ವರ್ಷಗಳ ಗಂಟೆಗಳನ್ನೂ ಮರುಲೆಕ್ಕ ಹಾಕುತ್ತದೆ. ಪ್ರಸ್ತಾವ ಸಲ್ಲಿಸಿ ಒಂದು ವರ್ಷದ ಮೇಲೆ ವೈಜ್ಞಾನಿಕ ಸಮಿತಿ ಅದೇ ಗಡಿಯನ್ನು ಮತ್ತೆ ಕ್ಲಿಕ್ ಮಾಡಿದಾಗ ಬೇರೆ ಸಂಖ್ಯೆ ಬಂದರೆ, ಉತ್ತರ ನಿಮ್ಮ ಕೈಯಲ್ಲಿರಬೇಕು.